ತಳ ಸಿಕ್ಕಿದ್ರೂ ಕಾಣ್ತಿದ್ದ ತಟ್ಟೆ

ಸಿಯಾಟಲ್, ಭಾನುವಾರ ರಾತ್ರಿ

ಅಪ್ಪ, ಅಮ್ಮ,

ಬೆಳಿಗ್ಗೆ ಫೋನಲ್ಲಿ ಕೆರೆ ಹಬ್ಬದ ವಿಷಯ ಅರ್ಧ ಹೇಳೋಷ್ಟ್ರಲ್ಲಿ ಕಟ್ ಆಯ್ತಲ್ಲ, ಮತ್ತೆ ಮಾಡೋಷ್ಟ್ರಲ್ಲಿ ನೀವು ಮಲಗಿರ್ತೀರಾ ಅಂತ ಸುಮ್ಮನಾದೆ, ಅದಕ್ಕೇ ಈಗ ಬರೆದು ಹಾಕೋಣ ಅಂತ ಕೂತೆ. ಪುಟ್ಟಿ ಮಲಗಿದಾಳೆ, ಇವರು ಪಾತ್ರೆ ತೊಳೀತಿದಾರೆ (ನಿಜ ಕಣಮ್ಮ, ನಗಬೇಡ).

ನಮ್ಮನೆಯಿಂದ ಹತ್ತು ನಿಮಿಷ ಇಳಿಜಾರಲ್ಲಿ ನಡೆದ್ರೆ ಲೇಕ್ ವಾಷಿಂಗ್ಟನ್. ಉದ್ದ 35 ಕಿಲೋಮೀಟರ್ ಹತ್ರ ಇದೆ, ತುಂಬಾ ಆಳ ಇರೋ ಕಡೆ 65 ಮೀಟರ್, ಸರೋವರ ಅನ್ನಬೇಕು ನ್ಯಾಯವಾಗಿ, ಆದ್ರೆ ನನ್ನ ಬಾಯಿಗೆ ಕೆರೆ ಅಂತಲೇ ಬರೋದು. ಅದರ ದಡದ ಪಾರ್ಕಲ್ಲಿ ನಿನ್ನೆ ಹಬ್ಬ ಇಟ್ಕೊಂಡಿದ್ರು. ಟಿಕೆಟ್ ಇಲ್ಲ, ಹೆಸರು ಬರೆಸೋದಿಲ್ಲ, ಫ್ರೀ. ಫ್ರೀ ಅಂದ್ಮೇಲೆ ಕೊನೇಲಿ ಏನೋ ಒಂದು ತಲೆಗೆ ಕಟ್ತಾರೆ ಅಂತ ನಾನು ಅನುಮಾನದಲ್ಲೇ ಹೋದೆ, ಕಟ್ಟಿದ್ದು ಪುಟ್ಟಿ ಮೈಗೆ ಒಂದು ಲೈಫ್ ಜಾಕೆಟ್ ಅಷ್ಟೇ. ಇಲ್ಲಿ ಸಣ್ಣ ದೋಣಿಗಳಲ್ಲಿ 12 ವರ್ಷದವರೆಗಿನ ಮಕ್ಕಳಿಗೆ ಅದು ಕಡ್ಡಾಯ, ಹಾಕಿ, ಭುಜದ ಹತ್ರ ಹಿಡಿದು ಮೇಲೆತ್ತಿ ನೋಡ್ತಾರೆ, ಗದ್ದ ಒಳಗೆ ಮುಳುಗಿದ್ರೆ ಸೈಜ್ ದೊಡ್ಡದು ಅಂತ ಲೆಕ್ಕ. ಬಿಸಿಲು ಚೆನ್ನಾಗೇ ಇತ್ತು, ಮೋಡ ಸರಿದು ಮೌಂಟ್ ರೇನಿಯರ್ ಹಿಮ ಹೊತ್ಕೊಂಡು ನೀರಿನ ಮೇಲೆ ತೇಲ್ತಿರೋ ಹಾಗೆ ಕಾಣ್ತಿತ್ತು. ಆದ್ರೂ ನೀರಿಗೆ ಕಾಲಿಟ್ರೆ ಜುಮ್ ಅನ್ನುತ್ತೆ.

ಮಕ್ಕಳಿಗೆ ಬಟ್ಟೆಯಲ್ಲಿ ಉದ್ದದ ಸುರಂಗ ಹೊಲಿದಿದ್ರು, ಅದರೊಳಗೆ ಅವರೇ ಸಾಲ್ಮನ್ ಮೀನುಗಳು. ಸಮುದ್ರದಿಂದ ಶುರು, ಬ್ಯಾಲರ್ಡ್ ಲಾಕ್ಸ್ ಅನ್ನೋ, ದೋಣಿಗಳನ್ನ ಏರಿಸಿ ಇಳಿಸೋ ಗೇಟುಗಳ ಹತ್ರ ಮೀನಿನ ಏಣಿ ಹತ್ತಬೇಕು (ನಿಜವಾದ ಏಣಿಗೆ 21 ಮೆಟ್ಟಿಲಿದೆ, ಇವರು ದಿಂಬು ಜೋಡಿಸಿದ್ರು), ಆಮೇಲೆ ಕೆರೆ ದಾಟಿ ಸೀಡರ್ ನದಿಗೆ ಹೋಗಿ ಮೊಟ್ಟೆ ಇಡಬೇಕು. ಪುಟ್ಟಿ ನಾಲ್ಕು ಸಲ ಮೊಟ್ಟೆ ಇಟ್ಟು ಬಂದ್ಲು.

ಅಲ್ಲಿದ್ದ ಮ್ಯಾಪ್ ನೋಡಿಯೇ ನಂಗೆ ಗೊತ್ತಾಗಿದ್ದು, ಈ ದಾರಿ ಮೀನಿಗೆ ಹಳೇದಲ್ಲ ಅಂತ. 1916ರಲ್ಲಿ ಹಡಗು ಹೋಗೋಕೆ ಕಾಲುವೆ ಕಡಿದಾಗ ಕೆರೆ ನೀರು ಸುಮಾರು 9 ಅಡಿ ಕೆಳಗಿಳೀತಂತೆ, ಅಲ್ಲಿವರೆಗೂ ಕೆರೆಯಿಂದ ತೆಂಕಲಿಗೆ ಹರೀತಿದ್ದ ಬ್ಲ್ಯಾಕ್ ರಿವರ್ ಅನ್ನೋ ನದಿ ಒಣಗೇಹೋಯ್ತಂತೆ. ಅದರ ದಡದಲ್ಲಿ ತಲೆತಲಾಂತರದಿಂದ ಇದ್ದವರು ಡುವಾಮಿಶ್ ಅನ್ನೋ ಮೂಲನಿವಾಸಿ ಜನ. ನಾವು ಚಾಪೆ ಹಾಸಿ ಕೂತಿದ್ದ ಹುಲ್ಲುಜಾಗ ಕೂಡ ಆಗ ನೀರಿನ ಅಡಿ ಇತ್ತಂತೆ. ಅದನ್ನ ಕೇಳಿದ್ಮೇಲೆ ಕೂತಲ್ಲಿ ಒಂಥರಾ ಮುಜುಗರ ಆಯ್ತು.

ಅಪ್ಪ, ಈಗ ನಿಮ್ಮ ಡಿಪಾರ್ಟ್‌ಮೆಂಟ್ ವಿಷಯ. ಕಟ್ಟೆ ಮೇಲೆ ಒಬ್ಬರು ವಯಸ್ಸಾದ ವಾಲಂಟಿಯರ್ ಹೆಂಗಸು ಒಂದು ತಟ್ಟೆ ಇಟ್ಕೊಂಡು ನಿಂತಿದ್ರು, ದೋಸೆಯಷ್ಟಗಲ, ನಾಲ್ಕು ಭಾಗ ಮಾಡಿ ಕಪ್ಪು ಬಿಳಿ ಬಳಿದದ್ದು, ನಡುವೆ ತೂತಿಗೆ ಹಗ್ಗ, ಹಗ್ಗಕ್ಕೆ ಅರ್ಧರ್ಧ ಮೀಟರಿಗೆ ಒಂದೊಂದು ಕೆಂಪು ಗುರುತು. ಸೆಕ್ಕಿ ಡಿಸ್ಕ್ ಅಂತಾರೆ, 1865ರಲ್ಲಿ ಇಟಲಿಯ ಒಬ್ಬ ಪಾದ್ರಿ, ಅವರು ಖಗೋಳ ವಿಜ್ಞಾನಿ ಕೂಡ, ಸಮುದ್ರದಲ್ಲಿ ಇಳಿಸಿ ನೋಡಿದ್ದು. ಬಾವಿಗೆ ಕೊಡ ಇಳಿಸಿದ ಹಾಗೆ ಬಿಡ್ತಾ ಹೋಗೋದು, ತಟ್ಟೆ ಎಲ್ಲಿ ಕಣ್ಮರೆ ಆಗುತ್ತೋ ಅಲ್ಲಿ ಹಗ್ಗದ ಗುರುತು ಓದ್ಕೊಳ್ಳೋದು, ನೀರು ಎಷ್ಟು ತಿಳಿಯಾಗಿದೆ ಅನ್ನೋದಕ್ಕೆ ಅದೇ ಅಳತೆ. ಮೀಟರ್ ಇಲ್ಲ, ಬ್ಯಾಟರಿ ಇಲ್ಲ.

ಇದೇ ಕೆರೇಲಿ 1964ರಲ್ಲಿ ಆ ತಟ್ಟೆ ಎರಡೂವರೆ ಅಡಿಗೇ ಮಾಯ ಆಗ್ತಿತ್ತಂತೆ! ನಾನು ನಂಬಲಿಲ್ಲ, ಇದು ಹುಟ್ಟಿದಾಗಿಂದ ಹೀಗೇ ಇದ್ದಿರಬೇಕು ಅಂದ್ಕೊಂಡಿದ್ದೆ. ಸುತ್ತಲಿನ ಊರುಗಳ ಒಳಚರಂಡಿ ನೀರೆಲ್ಲ ಇದಕ್ಕೇ ಬೀಳ್ತಿತ್ತು. ಅದೂ ಹಸಿ ಕೊಳಚೆ ಅಲ್ಲ, ಹೆಚ್ಚುಪಾಲು ಟ್ರೀಟ್‌ಮೆಂಟ್ ಪ್ಲಾಂಟಲ್ಲಿ ಶುದ್ಧ ಮಾಡಿ ಬಿಟ್ಟ ನೀರೇ, ಆದ್ರೆ ಅದರಲ್ಲಿ ರಂಜಕ ಉಳ್ಕೊಂಡಿರುತ್ತಲ್ಲ, ಪಾಚಿಗೆ ಅದೇ ಗೊಬ್ಬರ. 1955ರಲ್ಲಿ ಯೂನಿವರ್ಸಿಟಿಯ ಎಡ್ಮಂಡ್ಸನ್ ಅನ್ನೋ ಪ್ರಾಣಿಶಾಸ್ತ್ರದ ಮೇಷ್ಟ್ರ ತಂಡಕ್ಕೆ ಒಂದು ಜಾತಿ ಪಾಚಿ ಕಣ್ಣಿಗೆ ಬಿತ್ತು, ಯೂರೋಪಿನ ಕೆರೆಗಳು ಕೆಡೋ ಮುಂಚೆ ಕಾಣಿಸ್ಕೊಂಡಿದ್ದು ಅದೇ ಪಾಚಿ. ಹೀಗೇ ಬಿಟ್ರೆ ಮುಂದೆ ಏನಾಗುತ್ತೆ, ಚರಂಡಿ ತಿರುಗಿಸಿದ್ರೆ ಏನಾಗುತ್ತೆ ಅಂತ ಮುಂಚೇನೇ ಹೇಳಿದ್ರಂತೆ ಅವರು. ಜೇಮ್ಸ್ ಎಲ್ಲಿಸ್ ಅನ್ನೋ ಲಾಯರ್ ಊರೂರು ಒಪ್ಪಿಸೋಕೆ ಓಡಾಡಿದ್ರು. ಊರುಗಳೆಲ್ಲ ಸೇರಿ ಚರಂಡಿ ತಿರುಗಿಸೋ ಯೋಜನೇನ 1958ರ ಮಾರ್ಚಲ್ಲಿ ವೋಟಿಗೆ ಹಾಕಿದ್ರೆ ಬಿದ್ದೋಯ್ತು. ಸೆಪ್ಟೆಂಬರಲ್ಲಿ ಮತ್ತೆ ಹಾಕಿ ಗೆಲ್ಲಿಸ್ಕೊಂಡ್ರು. ನಂಗೆ ಇಡೀ ಕಥೇಲಿ ಇಷ್ಟ ಆಗಿದ್ದು ಈ ಸೋತು ಮತ್ತೆ ನಿಂತಿದ್ದು, ಯಾಕಂದ್ರೆ ಚರಂಡಿ ಪೈಪಿಗೆ ದುಡ್ಡು ಕೊಡಿ ಅಂತ ಎರಡನೇ ಸಲ ಮನೆ ಬಾಗಿಲು ತಟ್ಟೋಕೆ ಎಷ್ಟು ಗಟ್ಟಿ ಮುಖ ಬೇಕು ನೀವೇ ಹೇಳಿ.

1963ರಿಂದ 68ರವರೆಗೆ ಒಂದೊಂದಾಗಿ ಎಲ್ಲ ಚರಂಡಿಗಳನ್ನೂ ತಿರುಗಿಸಿದ್ರು, ಆಮೇಲೆ ಕೆರೆ ತನ್ನಷ್ಟಕ್ಕೆ ತಿಳಿಯಾಗ್ತಾ ಬಂತು, 76ರ ಹೊತ್ತಿಗೆ ಡಾಫ್ನಿಯಾ ಅನ್ನೋ ಸಾಸಿವೆ ಕಾಳಿನಷ್ಟು ಸಣ್ಣ ಹುಳ ಲೆಕ್ಕವಿಲ್ಲದಷ್ಟು ಹೆಚ್ಚಾಗಿ ಉಳಿದ ಪಾಚೀನೂ ಮೇಯ್ತು. ನೀವು ಕೇಳೋ ಪ್ರಶ್ನೆ ಗೊತ್ತು: ಹಾಗಾದ್ರೆ ಆ ನೀರು ಹೋಗಿದ್ದೆಲ್ಲಿಗೆ? ನಾನೂ ಅದನ್ನೇ ಕೇಳಿದೆ. ಪ್ಯೂಜೆಟ್ ಸೌಂಡಿಗೆ, ಅಂದ್ರೆ ಸಮುದ್ರಕ್ಕೆ. ಆ ಸಮುದ್ರದ ದಡದ ವೆಸ್ಟ್ ಪಾಯಿಂಟಲ್ಲಿ 1966ರಲ್ಲಿ ದೊಡ್ಡ ಪ್ಲಾಂಟ್ ಶುರುವಾಯ್ತು, ಮೊದಲು ಬರೀ ಪ್ರೈಮರಿ ಟ್ರೀಟ್‌ಮೆಂಟ್, ಅಂದ್ರೆ ಕೊಳೆ ತಳಕ್ಕೆ ಇಳಿಯೋಕೆ ಬಿಟ್ಟು ತೆಗೆಯೋದು, ಸೂಕ್ಷ್ಮಜೀವಿಗಳಿಂದ ಉಳಿದ ಕೊಳೆ ತಿನ್ನಿಸೋ ಸೆಕೆಂಡರಿ ಬಂದಿದ್ದು 1995ಕ್ಕೆ. ಅಲ್ಲಿ ಉಬ್ಬರವಿಳಿತ ಜೋರು, ನೀರು ಕಲಸಿಹೋಗುತ್ತೆ ಅನ್ನೋದು ಸರಿ, ಆದ್ರೂ ನಡುವೆ ಅಷ್ಟು ವರ್ಷ ಸಮುದ್ರದ ಪಾಲಿಗೆ ಏನು ಅಂತ ನೀವು ಗೊಣಗ್ತೀರಾ, ಗೊಣಗಿ. ಆ ವಾಲಂಟಿಯರ್ ಹೆಂಗಸು ಇದನ್ನ ಮುಚ್ಚಿಡದೆ ಹೇಳಿದ್ರು, ಅದು ನಂಗೆ ಹಿಡಿಸ್ತು.

ಇನ್ನು ಮಾನ ಹೋದ ಪ್ರಸಂಗ. ರಸ್ತೆ ಬದಿ ಜಾಲರಿ ಇರುತ್ತಲ್ಲ, ನಮ್ಮ ಬೀದಿ ಮಳೆನೀರು ಅದರಿಂದ ಎಲ್ಲೂ ಶುದ್ಧ ಆಗದೆ ಸೀದಾ ಕೆರೆಗೇ ಅಂತ ಮಾಡೆಲ್ ಇಟ್ಟು ತೋರಿಸ್ತಿದ್ರು. ಪುಟ್ಟಿ ಕೈಯೆತ್ತಿ, ನಮ್ಮಪ್ಪ ಪ್ರತಿ ಶನಿವಾರ ಅಲ್ಲೇ ಸೋಪ್ ಹಾಕಿ ಕಾರ್ ತೊಳೀತಾರೆ ಅಂತ ಅಷ್ಟು ಜನರ ಮುಂದೆ ಹೇಳಿಬಿಟ್ಲು! ಇವರು ಮೌಂಟ್ ರೇನಿಯರ್ ನೋಡ್ತಾ ನಿಂತ್ರು. ಇವತ್ತಿನ ಪಾತ್ರೆ ಯಾಕೆ ಅಂತ ಈಗ ಗೊತ್ತಾಯ್ತಾ.

ಕೊನೇಲಿ ತಟ್ಟೆ ಪುಟ್ಟಿ ಕೈಗೆ ಸಿಕ್ತು. ಹೊಟ್ಟೆ ಮೇಲೆ ಮಲಗಿ ಕಟ್ಟೆಯಿಂದ ತಲೆ ಹೊರಗೆ ಹಾಕಿ ಹಗ್ಗ ಬಿಡ್ತಾ ಹೋದ್ಲು, ನಾನು ಹಿಂದಿನಿಂದ ಜಾಕೆಟ್ ಪಟ್ಟಿ ಹಿಡ್ಕೊಂಡಿದ್ದೆ. ಒಂದು, ಒಂದೂವರೆ, ಎರಡು, ಬಿಳಿ ಭಾಗ ಹಸಿರಾಗ್ತಾ ಹೋಯ್ತು, ಎರಡೂವರೆ ದಾಟ್ತು, ಆಮೇಲೆ ಹಗ್ಗ ಕೈಯಲ್ಲಿ ಸಡಿಲ ಆಗೋಯ್ತು. ತಟ್ಟೆ ತಳದ ಕಲ್ಲುಗಳ ಮೇಲೆ ಓರೆಯಾಗಿ ಕೂತಿದೆ, ಇನ್ನೂ ಕಾಣ್ತಾನೇ ಇದೆ, ಪಕ್ಕದಲ್ಲಿ ಒಂದು ಸಣ್ಣ ಮೀನು ಬಂದು ಅದನ್ನ ಮೂಸಿ ಹೋಯ್ತು. ಅವಳ ಕಾರ್ಡಲ್ಲಿ "ಎಷ್ಟು ಆಳಕ್ಕೆ ಮಾಯವಾಯಿತು" ಅಂತ ಒಂದು ಖಾಲಿ ಜಾಗ ಇತ್ತು, ಮಾಯ ಆಗ್ಲೇ ಇಲ್ವಲ್ಲ, ಏನು ಬರೀಲಿ ಅಂತ ಪೆನ್ಸಿಲ್ ಕಚ್ಕೊಂಡು ಕೂತ್ಲು. ತಾತನ್ನ ಕೇಳಿ ಬರೀತೀನಿ ಅಂತ ಕಾರ್ಡ್ ಮನೆಗೇ ತಂದಿದಾಳೆ, ಫ್ರಿಜ್ ಮೇಲೆ ಅಂಟಿಸಿದೆ, ಬುಧವಾರ ಫೋನ್ ಮಾಡಿದಾಗ ಉತ್ತರ ರೆಡಿ ಇರ್ಲಿ ಅಪ್ಪ.

ಅಮ್ಮ, ಮಂಡಿನೋವಿನ ಮಾತ್ರೆ ತಪ್ಪಿಸಬೇಡ.

ನಿಮ್ಮ
ಮಗಳು