ರಾತ್ರಿ ಒಂಬತ್ತಾದ ಮೇಲೂ ಹಾಸನ ಎದ್ದಿರುತ್ತದೆ

ಮಾನ್ಯ ಸಂಪಾದಕರೇ,

‘ಹಾಸನದಲ್ಲಿ ರಾತ್ರಿ ಒಂಬತ್ತಾದರೆ ಬೀದಿನಾಯಿ ಬಿಟ್ಟು ಇನ್ನೇನೂ ಇರಲ್ಲ’ ಅನ್ನುವುದು ಬೆಂಗಳೂರಿನಿಂದ ರಜೆಗೆ ಬರುವ ಹುಡುಗರ ಮಾತಷ್ಟೇ ಅಲ್ಲ, ಇಲ್ಲಿಯವರೂ ಹಾಗೇ ಅನ್ನುತ್ತಾರೆ. ಅಂಗಡಿ ಬಾಗಿಲು ನೋಡಿ ಊರನ್ನು ಅಳೆದರೆ ಅದು ಸರಿಯೇ. ಬಿ.ಎಂ. ರಸ್ತೆಯಲ್ಲಿ ಒಂಬತ್ತಕ್ಕೆಲ್ಲ ಷಟರ್ ಎಳೆಯುವ ಸದ್ದು ಶುರುವಾಗುತ್ತದೆ. ಆಮೇಲೆ ಉಳಿಯುವುದು ಬಸ್ ನಿಲ್ದಾಣದ ಆಸುಪಾಸಿನ ಟೀ, ಆಮ್ಲೆಟ್, ಎಗ್ ರೈಸ್. ಆದರೆ ಅದೇ ಹೊತ್ತಿನಲ್ಲಿ ಹಾಸನಾಂಬ ಕಲಾಕ್ಷೇತ್ರದಲ್ಲೋ, ಶಾಂತಿಗ್ರಾಮ, ದುದ್ದ, ಕಟ್ಟಾಯದ ಕಡೆಯ ಯಾವುದೋ ಊರಿನ ಚಪ್ಪರದಲ್ಲೋ ಭೀಮನಿಗೆ ಮೀಸೆ ಅಂಟಿಸುತ್ತಿರುತ್ತಾರೆ. ಬೆಳಗಿನವರೆಗೆ ನಡೆಯುವ ಪೌರಾಣಿಕ ನಾಟಕವೇ ನಮ್ಮ ಜಿಲ್ಲೆಯ ರಾತ್ರಿ ಜೀವನ. ಅದನ್ನು ಲೆಕ್ಕಕ್ಕೇ ಹಿಡಿಯದೆ ಪಬ್ ಇಲ್ಲ, ಮಾಲ್ ಇಲ್ಲ ಎಂದು ಕೊರಗುತ್ತೇವೆ.

ಇದರ ಹಿಂದೆ ಎಷ್ಟು ದುಡಿಮೆ ಇದೆ ಅನ್ನುವುದು ಪೇಟೆಯವರಿಗೆ ಅಷ್ಟಾಗಿ ಗೊತ್ತಿಲ್ಲ. ‘ಕುರುಕ್ಷೇತ್ರ’ ಆಡಬೇಕೆಂದರೆ ಇಪ್ಪತ್ತು ಇಪ್ಪತ್ತೈದು ಜನ ಬೇಕು. ಡೈರಿಗೆ ಹಾಲು ಹಾಕಿ, ದನಕ್ಕೆ ಮೇವು ಹಾಕಿ ಬಂದವರು ಸಂಜೆ ಏಳರಿಂದ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕೂರುತ್ತಾರೆ. ಮೂರ್ನಾಲ್ಕು ತಿಂಗಳು ತಾಲೀಮು. ಕಲಾವಿದರಿಗೆ ಸಂಭಾವನೆ ಇರುವುದಿಲ್ಲ, ಕಲಾವಿದರೇ ದುಡ್ಡು ಹಾಕುತ್ತಾರೆ. ಕೃಷ್ಣ, ದುರ್ಯೋಧನನ ಪಾತ್ರಕ್ಕೆ ಹೆಚ್ಚು, ವಿದುರನಿಗೆ ಕಡಿಮೆ, ಸೈನಿಕನಿಗೆ ಇನ್ನೂ ಕಡಿಮೆ. ದ್ರೌಪದಿ, ಕುಂತಿ, ರುಕ್ಮಿಣಿಯ ಪಾತ್ರಗಳಿಗೆ ಮಾತ್ರ ವೃತ್ತಿ ಕಲಾವಿದೆಯರನ್ನು ಗೊತ್ತು ಮಾಡುವುದು ರೂಢಿ. ಪರದೆ, ಉಡುಪು, ಕಿರೀಟ, ಗದೆ, ಮೇಕಪ್, ದೀಪ ಎಲ್ಲವೂ ಬಾಡಿಗೆಗೆ ಕೊಡುವ ‘ಸೀನ್ಸ್’ನವರದು, ಮಧ್ಯಾಹ್ನವೇ ಲಾರಿಯಲ್ಲಿ ಬಂದು ಇಳಿಯುತ್ತದೆ. ಸಂಜೆ ಐದಕ್ಕೆ ಬಣ್ಣದವರ ಮುಂದೆ ಸಾಲು ನಿಂತರೆ ಎಂಟಕ್ಕೆ ಪರದೆ ಏಳಬಹುದು.

ಏಳುವುದಿಲ್ಲ. ಕಾರಣ, ಸನ್ಮಾನ. ಎಂಟಕ್ಕೆ ಬರಬೇಕಾದ ಮುಖ್ಯ ಅತಿಥಿ ಹತ್ತೂವರೆಗೆ ಬರುತ್ತಾರೆ. ಕಾದು ಸಾಕಾಗಿ ನಾಟಕ ಶುರು ಮಾಡಿರುವುದರಿಂದ ಆ ಹೊತ್ತಿಗೆ ಕೃಷ್ಣ ಮಲಗಿರುವ ಶಯನದ ದೃಶ್ಯ ಕಳೆಗಟ್ಟಿರುತ್ತದೆ. ಅರ್ಜುನ ಕಾಲ ಬಳಿ, ದುರ್ಯೋಧನ ತಲೆಯ ಬಳಿ ಕೂತಿರುವಾಗಲೇ ಪರದೆ ಬಿಟ್ಟು ಕುರ್ಚಿ ಜೋಡಿಸುತ್ತಾರೆ. ಶಾಲು, ಹಾರ, ಪೇಟ, ಭಾಷಣ ಸೇರಿ ಮುಕ್ಕಾಲು ಗಂಟೆ. ಅಷ್ಟರಲ್ಲಿ ಒಳಗೆ ವೆಲ್ವೆಟ್ ಜರಿ ತೊಟ್ಟು ಕಾದಿರುವ ಭೀಮ ಬೆವೆತು, ಮೀಸೆಯ ಒಂದು ತುದಿ ಬಿಟ್ಟುಕೊಂಡಿರುತ್ತದೆ. ಬಣ್ಣದವರು ಆ ಜಾಗವನ್ನು ಬಟ್ಟೆಯಿಂದ ಒತ್ತಿ ಒರೆಸಿ, ಪೌಡರ್ ತಟ್ಟಿ, ಮತ್ತೆ ಅಂಟು ಸವರಿ, ಅದು ಹಿಡಿಯುವ ತನಕ ಎರಡು ಬೆರಳಿನಲ್ಲಿ ಅದುಮಿ ನಿಲ್ಲಬೇಕು. ಆತುರದಲ್ಲಿ ಒದ್ದೆ ಚರ್ಮಕ್ಕೇ ಅಂಟಿಸಿದರೆ ಮೊದಲ ಗರ್ಜನೆಗೇ ಉದುರುತ್ತದೆ! ಇದಕ್ಕಿಂತ ದೊಡ್ಡ ನಷ್ಟ ಕೊನೆಯಲ್ಲಿ. ತಡವಾದ ಅಷ್ಟೂ ಹೊತ್ತು ಯುದ್ಧಭಾಗದಿಂದ ಕಳೆಯುತ್ತದೆ. ಕರ್ಣ–ಕುಂತಿಯರ ಭೇಟಿ ಮೂರು ಗಂಟೆಗೆ, ಅಭಿಮನ್ಯು ನಾಲ್ಕಕ್ಕೆ. ಅಷ್ಟರಲ್ಲಿ ಅರ್ಧ ಕುರ್ಚಿ ಖಾಲಿ. ದುಡ್ಡು ಹಾಕಿ ನಾಲ್ಕು ತಿಂಗಳು ಕಲಿತವನು ತನ್ನ ಮನೆಯವರ ಮುಂದಷ್ಟೇ ಹಾಡಿ ಮುಗಿಸಬೇಕಾಗುತ್ತದೆ. ಸಮಾರಂಭವನ್ನು ಆರೂವರೆಗೇ ಇಟ್ಟು ಏಳೂವರೆಗೆ ಮುಗಿಸಲಿ. ತಡವಾಗಿ ಬಂದ ಗಣ್ಯರು ಮುಂದಿನ ಸಾಲಿನಲ್ಲಿ ಕೂತು ನಾಟಕ ನೋಡಿದರೆ ಗೌರವವೇನೂ ಕಡಿಮೆಯಾಗದು.

ಎರಡನೆಯ ತಕರಾರು ಸದ್ದಿನದು. ಇದರಲ್ಲಿ ನಾಟಕದವರ ತಪ್ಪೂ ಇದೆ, ದೂರುವವರ ತಪ್ಪುಕಲ್ಪನೆಯೂ ಇದೆ. ‘ಹತ್ತರ ಮೇಲೆ ಮೈಕೇ ಇಲ್ಲ’ ಎನ್ನುವುದು ಪೂರ್ತಿ ಸರಿಯಲ್ಲ. 2000ದ ಶಬ್ದಮಾಲಿನ್ಯ ನಿಯಮಗಳು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಧ್ವನಿವರ್ಧಕ ನಿಷೇಧಿಸಿದರೂ, ಸಭಾಂಗಣದಂಥ ಮುಚ್ಚಿದ ಜಾಗದೊಳಗೆ, ಒಳಗಿನವರಿಗೆ ಕೇಳುವಷ್ಟು ಬಳಸಲು ಅಡ್ಡಿಯಿಲ್ಲ. ಬಯಲಿನಲ್ಲಾದರೆ ಹಬ್ಬ, ಸಾಂಸ್ಕೃತಿಕ ಸಂದರ್ಭಗಳಿಗೆ ವರ್ಷಕ್ಕೆ 15 ದಿನ ಮೀರದಂತೆ ರಾತ್ರಿ 12ರವರೆಗೆ ಸರ್ಕಾರ ಸಡಿಲಿಕೆ ಕೊಡಬಹುದು. ಮೈಕ್ ಹಾಕಲು ಲಿಖಿತ ಅನುಮತಿ ಬೇಕೇ ಬೇಕು. ವಾಸದ ಬಡಾವಣೆಯಲ್ಲಿ ರಾತ್ರಿಯ ಮಿತಿ 45 ಡೆಸಿಬಲ್; ಸಾರ್ವಜನಿಕ ಸಭಾಂಗಣದ ಕಾಂಪೌಂಡಿನ ಅಂಚಿನಲ್ಲಿ ಅದಕ್ಕಿಂತ 10 ಹೆಚ್ಚು, ಅಂದರೆ 55 ದಾಟಬಾರದು. ಸೆಕೆ ಎಂದು ಸಭಾಂಗಣದ ಬಾಗಿಲು ತೆರೆದಿಟ್ಟರೆ, ಹೊರಗೊಂದು ಹಾರ್ನ್ ಸ್ಪೀಕರ್ ಕಟ್ಟಿದರೆ ಈ ಲೆಕ್ಕವೆಲ್ಲ ಅಲ್ಲಿಗೆ ಮುಗಿಯಿತು. ಹಾರ್ನ್ ಮೊದಲು ಬಿಚ್ಚಿ.

ಒಳಗೆ ಮೈಕ್ ಕೂಗಾಡುವುದಕ್ಕೂ ಕಾರಣ ಸರಳ. ಸ್ಪೀಕರ್ ಪೆಟ್ಟಿಗೆಯನ್ನು ಮೈಕಿನ ಹಿಂದೆ ಇಟ್ಟಿರುತ್ತಾರೆ, ಹೊರಬಂದ ಸದ್ದು ಮತ್ತೆ ಮೈಕಿಗೇ ಬೀಳುತ್ತದೆ. ಪೆಟ್ಟಿಗೆಗಳನ್ನು ವೇದಿಕೆಯ ಅಂಚಿಗಿಂತ ಮುಂದೆ ತಂದು ಜನರತ್ತ ತಿರುಗಿಸಬೇಕು. ಕಂದಪದ್ಯದ ಆಲಾಪದಲ್ಲಿ ನಟ ಮುಂದೆ ಬಂದೇ ಬರುತ್ತಾನೆ. ಆಗ ಮೈಕ್ ತಗ್ಗಿಸಲು ಮಿಕ್ಸರ್ ಹತ್ತಿರ ಒಬ್ಬ ಎಚ್ಚರವಾಗಿ ಕೂತಿರಬೇಕು. ಸಾಮಾನ್ಯವಾಗಿ ಆತ ಎರಡು ಗಂಟೆಯ ಮೇಲೆ ಮಲಗಿರುತ್ತಾನೆ.

ಇನ್ನು ನಗರ ಮಾಡಬೇಕಾದ್ದು. ಹೆಂಗಸರು ಹನ್ನೊಂದಕ್ಕೆಲ್ಲ ಎದ್ದು ಹೋಗುವುದು ನಿದ್ದೆ ಬಂದಲ್ಲ. ಶೌಚಾಲಯಕ್ಕೆ ಬೀಗ ಬಿದ್ದಿರುತ್ತದೆ, ಬೀದಿದೀಪ ಇರುವುದಿಲ್ಲ, ಮನೆಗೆ ಹೋಗಲು ಬಸ್ಸಿರುವುದಿಲ್ಲ, ಆಟೊದವರು ಒಂದಕ್ಕೆ ಎರಡು ಕೇಳುತ್ತಾರೆ. ಹಳ್ಳಿಗೆ ಹೋಗುವ ಕೊನೆಯ ಬಸ್ಸು ಅಲ್ಲೇ ಹಾಲ್ಟ್ ಆಗಿ ಬೆಳಿಗ್ಗೆ ಹಿಂತಿರುಗುತ್ತದೆ, ಮಧ್ಯೆ ಏನೂ ಇಲ್ಲ. ನಾಟಕವಿರುವ ರಾತ್ರಿ ಹನ್ನೊಂದೂವರೆಗೊಂದು ಬಸ್ಸು ನಗರ ಸುತ್ತಿದರೆ ಸಾಕು. ಬಾಗಿಲ ಮುಂದಿನ ಕಡ್ಲೆಪುರಿ, ಟೀ ಗಾಡಿಗಳನ್ನು ಹನ್ನೊಂದಕ್ಕೆ ಎಬ್ಬಿಸುವ ಬದಲು, 2014ರ ಬೀದಿ ವ್ಯಾಪಾರಿಗಳ ಕಾಯ್ದೆಯಡಿ ಅಲ್ಲಿಗೊಂದು ರಾತ್ರಿ ವ್ಯಾಪಾರದ ಜಾಗ ಗುರುತಿಸಬಹುದು. ಕಸದ ಡಬ್ಬಿ, ಕುಡಿಯುವ ನೀರು ಇಡಬಹುದು.

ಆಗುವುದಿಲ್ಲ ಎನ್ನುವ ಹಾಗಿಲ್ಲ. ಆಶ್ವಯುಜ ಹುಣ್ಣಿಮೆ ಕಳೆದ ಮೊದಲ ಗುರುವಾರ ಹಾಸನಾಂಬೆ ಗುಡಿಯ ಬಾಗಿಲು ತೆರೆದದ್ದೇ ತಡ, ಇದೇ ಊರಿನಲ್ಲಿ ನಡುರಾತ್ರಿ ದೀಪ, ನೀರು, ಸಂಚಾರಿ ಶೌಚಾಲಯ, ಪೊಲೀಸರು ಎಲ್ಲವೂ ಒದಗುತ್ತವೆ. ಬಲಿಪಾಡ್ಯಮಿಯ ಮಾರನೇ ದಿನ ಬಾಗಿಲು ಹಾಕಿದ ಮೇಲೆ ಅದರ ಹತ್ತನೇ ಒಂದು ಭಾಗವನ್ನು ವಾರಕ್ಕೊಂದು ರಾತ್ರಿಗೆ ಉಳಿಸಿಕೊಳ್ಳುವುದು ಕಷ್ಟವೇ?

ತಮ್ಮ ಪತ್ರಿಕೆಗೂ ಒಂದು ಕೋರಿಕೆ. ‘ನಗರದಲ್ಲಿ ಇಂದು’ ಥರದ ಅಂಕಣದಲ್ಲಿ ನಾಟಕದ ಉದ್ಘಾಟಕರ ಹೆಸರು ಐದು ಸಾಲು ಬರುತ್ತದೆ, ಪಾತ್ರಧಾರಿಗಳದ್ದು ಒಂದೂ ಇರುವುದಿಲ್ಲ. ಉದ್ಘಾಟಕರನ್ನು ಒಂದು ಸಾಲಿಗೆ ಇಳಿಸಿ, ಸಂಧಾನ ಎಷ್ಟು ಹೊತ್ತಿಗೆ, ಗದಾಯುದ್ಧ ಎಷ್ಟು ಹೊತ್ತಿಗೆ ಎಂದು ತಂಡದವರನ್ನು ಕೇಳಿ ಹಾಕಿ. ನಾಲ್ಕೂವರೆಗೆ ಅಲಾರಂ ಇಟ್ಟುಕೊಂಡು ಗದಾಯುದ್ಧಕ್ಕೆ ಮಾತ್ರ ಬರುವವರೂ ಈ ಊರಲ್ಲಿದ್ದಾರೆ.

– ಒಬ್ಬ ರಂಗಾಸಕ್ತ, ಹಾಸನ