ಭಾನುವಾರದ ಚೀಸ್‌ಕೇಕ್: ಕ್ರೀಮ್ ಚೀಸ್ ಅಳತೆ

ಎಲ್ಲರಿಗೂ ನಮಸ್ಕಾರ.

ಭಾನುವಾರ ಬೆಳಿಗ್ಗೆ 10ಕ್ಕೆ ಚೀಸ್‌ಕೇಕ್ ಮಾಡುವವರೆಲ್ಲ ದಯವಿಟ್ಟು ಇದನ್ನು ಓದಿ. ನಮ್ಮ ರೆಸಿಪಿ ಅಮೆರಿಕದ್ದು. ಅದರಲ್ಲಿ "2 ಬ್ಲಾಕ್ ಕ್ರೀಮ್ ಚೀಸ್" ಎಂದಿದೆ. ಅಲ್ಲಿನ ಒಂದು ಬ್ಲಾಕ್ ಅಂದರೆ 8 ಔನ್ಸ್, ಸುಮಾರು 227 ಗ್ರಾಂ. ಅಳತೆಯಲ್ಲಿ ಹೆಚ್ಚುಕಡಿಮೆ 1 ಕಪ್. ಹಾಗಾಗಿ ನಮಗೆ ಬೇಕಾದದ್ದು 454 ಗ್ರಾಂ, ಅಂದರೆ 2 ಕಪ್. ಅರ್ಧ ಅಳತೆಯಲ್ಲಿ ಮಾಡುವವರಿಗೆ 227 ಗ್ರಾಂ ಸಾಕು.

ಇಲ್ಲಿ ಸಿಗುವ ಡಬ್ಬಿಗಳ ತೂಕ ಬೇರೆ ಬೇರೆ. "ಎರಡು ಡಬ್ಬಿ" ಎಂದು ಸುಮ್ನೆ ತರಬೇಡಿ, ಮೇಲಿನ ಗ್ರಾಂ ನೋಡಿ ತನ್ನಿ. ಕಪ್ ಕೂಡ 240 ಎಂ.ಎಲ್. ಅಳತೆಯದ್ದೇ ಇರಲಿ. ಕಾಫಿ ಕುಡಿಯುವ ಕಪ್ ಬೇಡ.

ತಕ್ಕಡಿ ಇದ್ದರೆ ತೂಗುವುದೇ ಒಳ್ಳೆಯದು. ಇಲ್ಲದಿದ್ದರೆ ಚೀಸನ್ನು ಫ್ರಿಜ್‌ನಿಂದ ಒಂದು ಗಂಟೆ ಮೊದಲೇ ಹೊರಗಿಡಿ. ಮೆತ್ತಗಾದ ಮೇಲೆ ಕಪ್ಪಿಗೆ ಒತ್ತಿ ತುಂಬಿ, ಚಾಕುವಿನಿಂದ ಮೇಲೆ ಸಮ ಮಾಡಿ. ಗಟ್ಟಿ ಚೀಸ್ ತುಂಬಿದರೆ ನಡುವೆ ಗಾಳಿ ಉಳಿದು ಅಳತೆ ಕಡಿಮೆ ಬೀಳುತ್ತದೆ. ವಿಪ್ಡ್ ಕ್ರೀಮ್ ಚೀಸ್ ಮಾತ್ರ ತರಬೇಡಿ, ಅದರಲ್ಲಿ ಗಾಳಿ ಜಾಸ್ತಿ. ಕಪ್ ಲೆಕ್ಕ ಪೂರ್ತಿ ತಪ್ಪುತ್ತದೆ.

ತಕ್ಕಡಿ ಯಾರ ಹತ್ತಿರ ಇಲ್ಲವೋ ಅವರು ಶುಕ್ರವಾರ ಸಂಜೆಯೊಳಗೆ ಇಲ್ಲಿ ತಿಳಿಸಿ. ನನ್ನದನ್ನು ಕೊಡುತ್ತೇನೆ.