ಮಗಳಿಗೊಂದು ಪತ್ರ: ಐನೂರ ನಲವತ್ತು ರೂಪಾಯಿ ವ್ಯತ್ಯಾಸ

ಡೊಂಬಿವಲಿ
ಭಾನುವಾರ ರಾತ್ರಿ

ಪ್ರೀತಿಯ ಮಗಳೇ,

ನೀನು ಮುಲುಂಡಿಗೆ ಹೊರಟ ಮೇಲೆ ನೋಡಿದರೆ ನಿನ್ನ ಅಭ್ಯಾಸದ ನೋಟುಪುಸ್ತಕ ಊಟದ ಮೇಜಿನ ಮೇಲೆಯೇ ಉಳಿದಿತ್ತು. ಮರೆತೆಯೋ, ನನ್ನ ಮೇಲಿನ ಸಿಟ್ಟಿಗೆ ಬಿಟ್ಟು ಹೋದೆಯೋ ಗೊತ್ತಿಲ್ಲ. "ಈ ವಯಸ್ಸಿನಲ್ಲಿ ಕಂಪ್ಯೂಟರಿನಲ್ಲಿ ಲೆಕ್ಕ ಬರೆಯುವ ಟ್ಯಾಲಿ ಕ್ಲಾಸಿಗೆ ಹೋಗಿ, ಯಾರದೋ ಕೈಕೆಳಗೆ ಸಣ್ಣ ಸಂಬಳಕ್ಕೆ ಕೂರುವುದು ಯಾಕೆ?" ಎಂದು ನಾನು ಕೇಳಬಾರದಿತ್ತು. ನಿನ್ನ ಅಮ್ಮ ಆಗಿನಿಂದ ಮಾತು ಬಿಟ್ಟಿದ್ದಾಳೆ. ಸಂಜೆ ಕಾಫಿಯನ್ನೇನೋ ಕೊಟ್ಟಳು, ಸಕ್ಕರೆ ಇರಲಿಲ್ಲ.

ಎದುರು ಕೂತು ತಪ್ಪಾಯಿತು ಎನ್ನಲು ನನಗೆ ಬರುವುದಿಲ್ಲ, ಅದಕ್ಕೆ ಈ ಕಾಗದ.

ಪುಸ್ತಕ ತೆರೆದೆ. ಕೇಳದೆ ತೆರೆದದ್ದು ತಪ್ಪೇ. ಆದರೆ ನಲವತ್ತು ವರ್ಷ ಲೆಕ್ಕ ಬರೆದವನ ಮುಂದೆ ಲೆಕ್ಕದ ಪುಸ್ತಕ ಇಟ್ಟುಹೋದರೆ ಇನ್ನೇನಾಗುತ್ತದೆ? ಮೊದಲು ಕಣ್ಣಿಗೆ ಬಿದ್ದದ್ದು ಸೊನ್ನೆಗಳು. ರೂಪಾಯಿಯ ಮೊತ್ತಕ್ಕೂ ಚುಕ್ಕಿಯ ಮುಂದೆ ಮೂರು ಸೊನ್ನೆ ಹಾಕಿದ್ದೀಯ; ಕೆಲವು ಕಡೆ ಒಂದನ್ನು ಹೊಡೆದುಹಾಕಿದ್ದೀಯ. ಒಂದು ಒಮಾನಿ ರಿಯಾಲಿಗೆ ಸಾವಿರ ಬೈಸಾ ಅಲ್ಲವೇ! ಮಸ್ಕತ್ತಿನಲ್ಲಿ ಕೆಲಸ ಬಿಟ್ಟು ಹತ್ತು ವರ್ಷವಾದರೂ ಕೈ ಅದನ್ನು ಬಿಟ್ಟಿಲ್ಲ. "ಎಲ್ಲ ಮರೆತುಹೋಗಿದೆ ಅಪ್ಪಾ" ಎಂದು ಅತ್ತಿದ್ದೆಯಲ್ಲ, ಆ ಸೊನ್ನೆಗಳನ್ನು ನೋಡಿದ ಮೇಲೆ ನಾನು ಅದನ್ನು ನಂಬುವುದಿಲ್ಲ.

ಬದಲಾದದ್ದು ಇಲ್ಲವೆಂದಲ್ಲ. ನೀನು 2016ರಲ್ಲಿ ಕೆಲಸ ಬಿಟ್ಟಾಗ ಒಮಾನಿನಲ್ಲಿ ವ್ಯಾಟ್ ಇರಲಿಲ್ಲ. ಶೇಕಡಾ 5ರ ಆ ತೆರಿಗೆ ಬಂದದ್ದು 2021ರ ಏಪ್ರಿಲಿನಲ್ಲಿ. ಇಲ್ಲಿ ಜಿಎಸ್‌ಟಿ ಬಂದದ್ದು 2017ರ ಜುಲೈ 1ಕ್ಕೆ. ಎರಡೂ ಕಡೆ ತೆರಿಗೆ ಬರುವ ಮೊದಲೇ ನೀನು ಮಕ್ಕಳನ್ನು ಎತ್ತಿಕೊಂಡು ಮನೆಯಲ್ಲಿ ಕೂತಿದ್ದೆ. ಆದರೆ ಆದಾಯ ತೆರಿಗೆಯ ಕಡೆ ನೋಡು. 1961ರ ಕಾಯಿದೆ ಹೋಗಿ 2026ರ ಏಪ್ರಿಲ್ 1ರಿಂದ ಹೊಸ ಕಾಯಿದೆ. ಗಳಿಸಿದ ವರ್ಷಕ್ಕೆ ಪ್ರೀವಿಯಸ್ ಇಯರ್, ಅದರ ತೆರಿಗೆ ಲೆಕ್ಕ ಹಾಕುವ ವರ್ಷಕ್ಕೆ ಅಸೆಸ್‌ಮೆಂಟ್ ಇಯರ್ ಎಂಬ ಜೋಡಿ ಗೊಂದಲ ತೆಗೆದು ಒಂದೇ ತೆರಿಗೆ ವರ್ಷ ಮಾಡಿದ್ದಾರೆ. ಕಲಮುಗಳ ಸಂಖ್ಯೆ ಬಾಯಿಪಾಠ ಮಾಡಿಕೊಂಡಿದ್ದ ಹಳೆಯ ಹುಲಿಗಳೂ ಈಗ ಪುಸ್ತಕ ಬಿಡಿಸಬೇಕು. ಒಂದನೇ ತರಗತಿಯಲ್ಲಿ ನೀನೊಬ್ಬಳೇ ಕೂತಿಲ್ಲ.

ಹನ್ನೆರಡನೇ ಪುಟಕ್ಕೆ ಬರುತ್ತೇನೆ. ಕೆಂಪು ಶಾಯಿಯಲ್ಲಿ "14ಕ್ಕೆ 2ಬಿ, 20ಕ್ಕೆ 3ಬಿ" ಎಂದು ಬರೆದುಕೊಂಡಿದ್ದೀಯ. ಮಾರಿದವರು ತೋರಿಸಿದ ಬಿಲ್ಲುಗಳೆಲ್ಲ 14ನೇ ತಾರೀಖಿಗೆ 2ಬಿ ಎಂಬ ಜಿಎಸ್‌ಟಿ ಪಟ್ಟಿಯಾಗಿ ಬರುತ್ತವೆ, ಅದನ್ನು ನಮ್ಮ ಖರೀದಿ ಪುಸ್ತಕದೊಡನೆ ತಾಳೆ ನೋಡಿ 20ರೊಳಗೆ 3ಬಿ ಎಂಬ ರಿಟರ್ನ್ ಹಾಕಬೇಕು, ಎಂದು ನಿನ್ನ ಟಿಪ್ಪಣಿಯಿಂದಲೇ ತಿಳಿದುಕೊಂಡೆ. ನಿನ್ನ ಪುಸ್ತಕಕ್ಕೂ ಪಟ್ಟಿಗೂ 540 ರೂಪಾಯಿ ವ್ಯತ್ಯಾಸ. ಅದರ ಸುತ್ತ ಮೂರು ವೃತ್ತ ಹಾಕಿ, ಪಕ್ಕದಲ್ಲಿ "ನನ್ನಿಂದಾಗದು" ಎಂದು ಬರೆದಿದ್ದೀಯ.

ನಾನು ಕುಂದಾಪುರದಿಂದ ಮುಂಬಯಿಗೆ ಬಂದು ಹಗಲು ಹೋಟೆಲಿನಲ್ಲಿ ಲೋಟ ತೊಳೆದು, ಫೋರ್ಟಿನ ಕನ್ನಡ ರಾತ್ರಿ ಶಾಲೆಯಲ್ಲಿ ಓದಿ, ಆಮೇಲೆ ಮೂಲಜಿ ಜೇಠಾ ಮಾರುಕಟ್ಟೆಯ ಬಟ್ಟೆ ಅಂಗಡಿಗೆ ಲೆಕ್ಕ ಬರೆಯಲು ಸೇರಿದ ಕಥೆ ನಿನಗೆ ಕೇಳಿ ಕೇಳಿ ಸಾಕಾಗಿದೆ. ಇದನ್ನು ಹೇಳಿರಲಿಲ್ಲ. ಮೊದಲ ದೀಪಾವಳಿಗೆ, ಹೊಸ ಲೆಕ್ಕದ ಪುಸ್ತಕಗಳ, ಅಂದರೆ ಚೋಪಡಿಗಳ ಪೂಜೆಗೆ ಎರಡು ದಿನ ಇರುವಾಗ, ಎರಡೂ ಬದಿ ಸಮವಾಗಬೇಕಾದ ನನ್ನ ತಾಳೆಪಟ್ಟಿಯಲ್ಲಿ 630 ರೂಪಾಯಿ ಹೆಚ್ಚುಕಡಿಮೆ. ನನ್ನ ತಿಂಗಳ ಸಂಬಳಕ್ಕಿಂತ ಜಾಸ್ತಿ. ಕಿರ್ದಿಯ ಪುಟಗಳನ್ನು ತಿರುವಿ ತಿರುವಿ ಬೆಳಗಾಯಿತು. ಅಂಗಡಿಯ ಹಿರಿಯ ಲೆಕ್ಕಿಗರಾದ ಮುದುಕ ಮೆಹ್ತಾಜಿ ಬಂದು, ಪುಸ್ತಕ ಮುಟ್ಟದೆ, ಬಾಯಲ್ಲಿ ಪಾನ್ ಇಟ್ಟುಕೊಂಡೇ ಹೇಳಿದರು: ಒಂಬತ್ತರಿಂದ ಭಾಗಿಸು. ಎಪ್ಪತ್ತು ಬಂತು. ಶೇಷವಿಲ್ಲದೆ ಹೋದರೆ ಅಕ್ಕಪಕ್ಕದ ಅಂಕಿಗಳು ಅದಲುಬದಲಾಗಿರಬಹುದು. ಎಪ್ಪತ್ತು ಬಂದದ್ದರಿಂದ ನೂರರ ಮತ್ತು ಹತ್ತರ ಸ್ಥಾನದಲ್ಲಿ ಏಳರ ಅಂತರವಿರುವ ಅಂಕಿ ಹುಡುಕು ಎಂದರು. ಹತ್ತು ನಿಮಿಷದಲ್ಲಿ ಸಿಕ್ಕಿತು. 2,810 ಇರಬೇಕಾದಲ್ಲಿ ಖಾತೆಗೆ 2,180 ಎಂದು ಎತ್ತಿದ್ದೆ.

ಟ್ಯಾಲಿಯಲ್ಲಿ ಎರಡು ಬದಿ ಸಮವಾಗದೆ ಮುಂದೆ ಹೋಗಲು ಬಿಡುವುದೇ ಇಲ್ಲವಂತಲ್ಲ. ತಾಳೆಪಟ್ಟಿ ಸರಿಯಾಗಿಯೇ ಇರುತ್ತದೆ, ತಪ್ಪು ಒಳಗೆ ಹಾಯಾಗಿ ಮಲಗಿರುತ್ತದೆ. ಹಾಗಾಗಿ ನಮ್ಮ ಕಾಲದಲ್ಲಿ ತಾಳೆಪಟ್ಟಿಯಲ್ಲಿ ಸಿಗುತ್ತಿದ್ದ ಕಳ್ಳ ಈಗ 2ಬಿಯಲ್ಲೋ ಬ್ಯಾಂಕಿನ ತಾಳೆಯಲ್ಲೋ ಸಿಕ್ಕಿಬೀಳುತ್ತಾನೆ. ನಿನ್ನ 540ನ್ನು ಭಾಗಿಸಿ ನೋಡು. ಉತ್ತರ ನನಗೆ ಸಿಕ್ಕಿದೆ, ಬರೆದಿಲ್ಲ.

ಇನ್ನೊಂದು ವಿಷಯ. ಅರ್ಜಿಯಲ್ಲಿ ಹತ್ತು ವರ್ಷದ ಖಾಲಿ ಜಾಗಕ್ಕೆ "ಸ್ವತಂತ್ರ ಸಲಹೆಗಾರ್ತಿ" ಎಂದು ತುಂಬಲು ಗೆಳತಿ ಹೇಳಿಕೊಟ್ಟಳೆಂದೆ. ಬೇಡ. ಲೆಕ್ಕದ ಕೆಲಸ ಕೇಳಲು ಹೋಗುವವಳು ಆರಂಭದ ಶಿಲ್ಕನ್ನೇ ಸುಳ್ಳು ಬರೆದರೆ ಮುಂದಿನ ಪುಟವನ್ನು ಯಾರು ನಂಬಬೇಕು? ಮಕ್ಕಳನ್ನು ಬೆಳೆಸಿದೆ, ಈಗ ಕಲಿಯುತ್ತಿದ್ದೇನೆ ಎಂದು ಎರಡು ಸಾಲು ಸಾಕು. ಸಂಬಳ ಎಷ್ಟಾದರೂ ಇರಲಿ, ನಾನು ಬಾಯಿ ಹಾಕುವುದಿಲ್ಲ.

ಪುಸ್ತಕವನ್ನು ಶನಿವಾರದವರೆಗೆ ಜೋಪಾನವಾಗಿಡುತ್ತೇನೆ. ಹನ್ನೆರಡನೇ ಪುಟದ ಫೋಟೋ ಅಮ್ಮನ ಮೊಬೈಲಿನಿಂದ ಕಳುಹಿಸುತ್ತೇನೆ, ಅವಳು ಮಾತು ಆಡಿದರೆ. ಬರುವಾಗ ಲ್ಯಾಪ್‌ಟಾಪಿನ ಚಾರ್ಜರ್ ಮರೆಯಬೇಡ. ನಾನು ಕೆಲಸ ಬಿಟ್ಟದ್ದು ಇಲ್ಲಿ ಜಿಎಸ್‌ಟಿಗೆ ಮೊದಲಿದ್ದ ವ್ಯಾಟ್ ಕಾಲದಲ್ಲಿ. ಆ 2ಬಿ ಎಂಬುದನ್ನು ಒಮ್ಮೆ ಕಣ್ಣಾರೆ ನೋಡಬೇಕು, ನೀನೇ ತೋರಿಸಬೇಕು.

ನಿನ್ನ,
ಅಪ್ಪ